ಸಿನಿಮಾದಲ್ಲಿ ಕಂಡ ಊರು, ಬಸ್ಸಿಳಿದು ಕಂಡ ಊರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿದ್ದ ವಿಷಯ ‘ತಂತ್ರಜ್ಞಾನ ಮತ್ತು ಯುವಜನತೆ’. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ಆದ್ದರಿಂದ ಆ ವಿಷಯ ಕೊಟ್ಟಿದ್ದಾರೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಅದನ್ನು ಬದಲಾಯಿಸಿಕೊಂಡಿದ್ದೇನೆ. ನಾನು ಇವತ್ತು ಮಾತಾಡುವುದು ಪ್ರವಾಸದ ಬಗ್ಗೆ. ಕಾರಣ ಇಷ್ಟೇ: ಈ ವರ್ಷ ಹತ್ತನೇ ತರಗತಿ ಮಕ್ಕಳ ಪ್ರವಾಸದ ಖರ್ಚನ್ನು ಹಳೆಯ ವಿದ್ಯಾರ್ಥಿಗಳು ಹೊರುವುದೆಂದು ತೀರ್ಮಾನವಾಗಿದೆ. ಎಲ್ಲಿಗೆ ಹೋಗಬೇಕೆಂದು ಮಕ್ಕಳನ್ನು ಚೀಟಿ ಬರೆದು ಕೊಡಿ ಎಂದು ಕೇಳಿದಾಗ ಮುಕ್ಕಾಲು ಚೀಟಿಯಲ್ಲಿ ಬಿಡದಿಯ ವಂಡರ್‌ಲಾ ಇತ್ತು. ಉಳಿದವುಗಳಲ್ಲಿ ‘ಶೂಟಿಂಗ್ ಮಾಡೋ ಜಾಗ’ ಎಂದಷ್ಟೇ ಇತ್ತು. ಚೀಟಿ ಬರೆದ ಮಕ್ಕಳನ್ನು ನಾನು ಬೈಯುವುದಿಲ್ಲ. ಅವರ ವಯಸ್ಸಿನಲ್ಲಿ ನಾನೂ ಅದನ್ನೇ ಬರೆಯುತ್ತಿದ್ದೆ. ಆದರೆ ಆ ಎರಡು ಬಗೆಯ ಚೀಟಿಗೂ ನಮ್ಮ ಸುತ್ತಮುತ್ತಲೇ ಉತ್ತರ ಇದೆ ಎಂದು ಹೇಳುವುದಕ್ಕೆ ನಿಂತಿದ್ದೇನೆ.

ಕೆಲಸದ ಮೇಲೆ ಒಮ್ಮೆ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಒಂದು ಭಾನುವಾರ ಡಿಸ್ನಿಲ್ಯಾಂಡ್ ನೋಡಿದೆ. 1955ರಲ್ಲಿ ಶುರುವಾದ ಪಾರ್ಕು ಅದು. ಅದರೊಳಗೆ ಹಿಮ ಹೊದ್ದಂತೆ ಕಾಣುವ ಒಂದು ಬೆಟ್ಟ ಇದೆ, ಹೆಸರು ಮ್ಯಾಟರ್‌ಹಾರ್ನ್. ಬೆಟ್ಟ ಎಂದರೆ ಒಳಗೆ ಉಕ್ಕಿನ ಹಂದರ, ಮೇಲೆ ಸಿಮೆಂಟು, ಬಣ್ಣ. ಎತ್ತರ 147 ಅಡಿ. ಸ್ವಿಟ್ಜರ್ಲೆಂಡಿನ ಗಡಿಯಲ್ಲಿರುವ ನಿಜವಾದ ಮ್ಯಾಟರ್‌ಹಾರ್ನ್ ಶಿಖರದ ನೂರರಲ್ಲಿ ಒಂದು ಪಾಲು. ನಿಜವಾದದ್ದು 4,478 ಮೀಟರ್. ವಾಲ್ಟ್ ಡಿಸ್ನಿ ಆ ಶಿಖರದ ಮೇಲೊಂದು ಸಿನಿಮಾ ತೆಗೆಯುವಾಗ ಅಲ್ಲಿಗೆ ಹೋಗಿ ಮರುಳಾಗಿ, 1959ರಲ್ಲಿ ತನ್ನ ಪಾರ್ಕಿನಲ್ಲೇ ಒಂದನ್ನು ಕಟ್ಟಿಸಿದ. ಅದರೊಳಗೆ ಗಾಡಿಯಲ್ಲಿ ಕೂರಿಸಿ ಮೇಲಕ್ಕೆಳೆದು ಕೆಳಕ್ಕೆ ಬಿಡುತ್ತಾರೆ. ಚೆನ್ನಾಗಿದೆ. ನಾನು ಎರಡು ಸಲ ಕೂತೆ. ಅದೇ ಪಾರ್ಕಿನ ಅರಮನೆಯೂ ಜರ್ಮನಿಯ ಬವೇರಿಯಾದಲ್ಲಿ ಒಬ್ಬ ರಾಜ ಕಟ್ಟಿಸಿದ ನಾಯ್‌ಶ್ವಾನ್‌ಸ್ಟೈನ್ ಎಂಬ ಕೋಟೆಯನ್ನು ನೋಡಿ ಮಾಡಿದ್ದು. ಈಗ ಜನ ಪಾರ್ಕು ನೋಡಿದ ಮೇಲೆ ಅಸಲಿ ನೋಡಲು ವಿಮಾನ ಹತ್ತುತ್ತಾರೆ. ಹೀಗೆ ಸಿನಿಮಾ, ಪಾರ್ಕುಗಳ ಹಿಂದಿರುವ ನಿಜವಾದ ಊರು ಬೆಟ್ಟಗಳನ್ನು ಹುಡುಕಿಕೊಂಡು ಹೋಗುವುದೇ ಪ್ರಪಂಚದಲ್ಲಿ ದೊಡ್ಡ ಹವ್ಯಾಸವಾಗಿದೆ.

ನಮ್ಮ ಕಡೆಗೂ ಇದೇನು ಹೊಸದಲ್ಲ. ಬೆಂಗಳೂರು ರೈಲಿನಲ್ಲಿ ಹೋಗುವಾಗ ಚನ್ನಪಟ್ಟಣ ದಾಟಿದ ಮೇಲೆ ರಾಮನಗರದ ಬಂಡೆಗಳು ಕಾಣುತ್ತವಲ್ಲ, ‘ಶೋಲೆ’ಯ ರಾಮಗಢ ಅದೇ. ಚಿತ್ರೀಕರಣ ಶುರುವಾದದ್ದು 1973ರ ಅಕ್ಟೋಬರಿನಲ್ಲಿ, ತೆರೆಗೆ ಬಂದದ್ದು 1975ರ ಆಗಸ್ಟ್ 15ರಂದು. ನಮ್ಮ ಶಾಲೆಗೂ ಆ ಸಿನಿಮಾಕ್ಕೂ ಒಂದೇ ವಯಸ್ಸು. ರಾಮದೇವರ ಬೆಟ್ಟದ ಬುಡದಲ್ಲಿ ಇಡೀ ಒಂದು ಹಳ್ಳಿಯ ಸೆಟ್ ಹಾಕಿದ್ದರು. ಕೆಲಸ ಮುಗಿದ ಮೇಲೆ ಕಿತ್ತುಕೊಂಡು ಹೋದರು. ಇವತ್ತಿಗೂ ಉತ್ತರದ ಕಡೆಯವರು ಬಂದು ಗಬ್ಬರ್ ನಿಂತ ಬಂಡೆ ಯಾವುದು ಎಂದು ಕೇಳುತ್ತಾರೆ. ಸಿನಿಮಾದ ರೈಲು ದರೋಡೆಯೂ ಇಲ್ಲೇ ನಡೆಯಿತೆಂದು ನಮ್ಮವರೇ ಕೆಲವರು ಹೇಳುವುದುಂಟು, ಅದು ಮುಂಬೈ ಹತ್ತಿರದ ಪನ್ವೇಲ್ ಕಡೆ ತೆಗೆದದ್ದು. ಸೆಟ್ ಹೋಯಿತು, ಬೆಟ್ಟದ ರಣಹದ್ದುಗಳು ಉಳಿದವು. 2012ರಲ್ಲಿ ಅದನ್ನು ರಣಹದ್ದು ಧಾಮವೆಂದು ಘೋಷಿಸಿದರು. ಗಬ್ಬರ್ ಬಂಡೆ ಕೇಳುವವರಲ್ಲಿ ತಲೆಯೆತ್ತಿ ಹದ್ದು ನೋಡುವವರು ಕಮ್ಮಿ.

ಇನ್ನೊಂದು ತಮಾಷೆ ಕೇಳಿ. ‘ಎ ಪ್ಯಾಸೇಜ್ ಟು ಇಂಡಿಯಾ’ ಎಂಬ ಇಂಗ್ಲಿಷ್ ಕಾದಂಬರಿಯ ಗುಹೆಗಳಿಗೆ ಪ್ರೇರಣೆ ಬಿಹಾರದ ಬರಾಬರ್ ಗುಹೆಗಳು, ಅಶೋಕನ ಕಾಲದವು. ಆದರೆ 1984ರಲ್ಲಿ ಡೇವಿಡ್ ಲೀನ್ ಅದನ್ನು ಸಿನಿಮಾ ಮಾಡಿದಾಗ ಬಂದದ್ದು ನಮ್ಮ ರಾಮನಗರ, ಸಾವನದುರ್ಗಕ್ಕೆ. ಬಿಹಾರದ ಗುಹೆಗೆ ನಮ್ಮ ಬಂಡೆ ವೇಷ ಹಾಕಿತು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ್ದು ಇದಕ್ಕೆ ತಿರುವು ಮುರುವು. ಮಾಲ್ಗುಡಿ ಎಂಬ ಊರು ಆರ್.ಕೆ. ನಾರಾಯಣ್ ಅವರ ತಲೆಯಲ್ಲಿ ಹುಟ್ಟಿದ್ದು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದಾಗ ಅರಸಾಳು ಅದರ ರೈಲು ನಿಲ್ದಾಣವಾಯಿತು, 2020ರಲ್ಲಿ ಹಳೆಯ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಯಿತು. ಇಲ್ಲದ ಊರಿಗೆ ಇರುವ ವಿಳಾಸ ಸಿಕ್ಕಿತು.

ಈಗ ಮಂಡ್ಯಕ್ಕೆ ಬರುತ್ತೇನೆ. ಮೇಲುಕೋಟೆಯ ಕಲ್ಯಾಣಿ, ಅರ್ಧಕ್ಕೆ ನಿಂತ ರಾಯಗೋಪುರ ಎಷ್ಟು ಭಾಷೆಯ ಸಿನಿಮಾದಲ್ಲಿ ಬಂದಿವೆಯೋ ಲೆಕ್ಕವಿಲ್ಲ. ಬೃಂದಾವನವಂತೂ ಒಂದು ಕಾಲಕ್ಕೆ ಹಾಡುಗಳ ಕಾರ್ಖಾನೆ. ಆದರೆ ಬೃಂದಾವನವೇ ಒಂದು ಪ್ರತಿ ಎಂಬುದು ಎಷ್ಟು ಜನಕ್ಕೆ ಗೊತ್ತು? ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ ಅದನ್ನು ಮಾಡಿಸಿದರು. 1927ರಲ್ಲಿ ಶುರು, 1932ಕ್ಕೆ ಮುಕ್ತಾಯ. ಡಿಸ್ನಿಗಿಂತ ಇಪ್ಪತ್ತು ವರ್ಷ ಮೊದಲೇ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ನಾಡಿನ ಚೆಲುವನ್ನು ತಂದು ದೀಪ ಹಾಕಿ ಕೂರಿಸಿದ್ದರು! ಈಗ ಅಲ್ಲಿ ಅಮ್ಯೂಸ್‌ಮೆಂಟ್ ಪಾರ್ಕ್ ಮಾಡುವ ಯೋಜನೆ ಬಂದಿದೆ, ಅಣೆಕಟ್ಟೆಯ ಸುರಕ್ಷತೆ ಮುಂದಿಟ್ಟು ರೈತ ಸಂಘಟನೆಗಳು ವಿರೋಧಿಸಿವೆ. ನನ್ನ ಅಭಿಪ್ರಾಯ ಕೇಳಿದರೆ, ನಾನು ರೈತರ ಕಡೆ. ಕಟ್ಟೆಯ ಪಕ್ಕದಲ್ಲಿ ತೊಟ್ಟಿಲು ತಿರುಗತೊಡಗಿದರೆ ಬಂದವರು ತೊಟ್ಟಿಲು ನೋಡುತ್ತಾರೆ, ಕಟ್ಟೆ ನೋಡುವುದಿಲ್ಲ. 124.80 ಅಡಿ ಎಂದರೆ ಏನೆಂದು ನಮ್ಮ ಜಿಲ್ಲೆಯ ಮೂರನೇ ಕ್ಲಾಸಿನ ಮಗುವಿಗೂ ಗೊತ್ತಿರಬೇಕು, ಅದು ನಮ್ಮ ಅನ್ನದ ಅಳತೆ.

ಆದರೆ ನನಗೆ ಎಲ್ಲಕ್ಕಿಂತ ಹತ್ತಿರದ್ದು ‘ತಿಥಿ’. ಈ ಸಭೆಯಲ್ಲಿ ಅದನ್ನು ನೋಡದವರು ಇರಲಿಕ್ಕಿಲ್ಲ. ರಾಮ್ ರೆಡ್ಡಿ ನಿರ್ದೇಶನ, ಬರವಣಿಗೆಯಲ್ಲಿ ಜೊತೆಯಾದವರು ನಮ್ಮ ಜಿಲ್ಲೆಯ ನೊದೆಕೊಪ್ಪಲಿನ ಈರೇಗೌಡರು. ಕಥೆಗೆ ಪ್ರೇರಣೆಯೂ ಆ ಊರೇ, ಚಿತ್ರೀಕರಣವೂ ಅಲ್ಲೇ, ಪಾತ್ರ ಮಾಡಿದವರೂ ಸುತ್ತಮುತ್ತಲಿನ ರೈತರು, ಹುಡುಗರು. ನೂರೊಂದು ವರ್ಷದ ಮುದುಕ ಸತ್ತು ಹನ್ನೊಂದನೇ ದಿನದ ತಿಥಿಯವರೆಗೆ ನಡೆಯುವ ಕಥೆ. ಜಮೀನಿನ ಪಹಣಿ, ಖಾತೆ, ಮೂರು ತಲೆಮಾರಿನ ಹಗ್ಗಜಗ್ಗಾಟ. ಇದಕ್ಕೆ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿನ್ನದ ಚಿರತೆ ಪ್ರಶಸ್ತಿ ಬಂತು. ಆಮೇಲೆ ರಾಷ್ಟ್ರಪ್ರಶಸ್ತಿ. ಲೊಕಾರ್ನೊ ಇರುವುದು ಎಲ್ಲಿ? ಸ್ವಿಟ್ಜರ್ಲೆಂಡಿನಲ್ಲಿ. ಆ ಮ್ಯಾಟರ್‌ಹಾರ್ನ್ ದೇಶ. ಈ ಸ್ವಿಟ್ಜರ್ಲೆಂಡು ನಮ್ಮನ್ನು ಬಿಡುವುದಿಲ್ಲ, ಇನ್ನೊಮ್ಮೆ ಬರುತ್ತದೆ, ನೋಡುತ್ತಿರಿ.

2016ರ ಮೇ ತಿಂಗಳಲ್ಲಿ ಅದು ಬೆಂಗಳೂರಿನಲ್ಲಿ ಬಿಡುಗಡೆಯಾದಾಗ ನನ್ನ ಆಫೀಸಿನ ಐದಾರು ಜನ, ಅದರಲ್ಲಿ ಇಬ್ಬರು ಪುಣೆಯವರು, ಕೆಳಗೆ ಬರುವ ಇಂಗ್ಲಿಷ್ ಓದಿಕೊಂಡು ನೋಡಿದರು. ಮಾರನೆಯ ದಿನ ‘ನಿನ್ನ ಊರ ಕಡೆ ನಿಜವಾಗಿಯೂ ಹೀಗೇ ಮಾತಾಡುತ್ತಾರಾ’ ಎಂದು ಕೇಳಿದರು. ಹೌದು ಅಂದೆ. ಹಾಗೆ ಅನ್ನುವಾಗ ನನ್ನೊಳಗೆ ಏನೋ ಸಡಿಲವಾಯಿತು. ಕಾಲೇಜಿಗೆ ಸೇರಿದ ಹೊಸದರಲ್ಲಿ ‘ಎಲ್ಲಿಗ್ ಓಯ್ತಿದ್ದೀಯ’ ಎಂದು ಕೇಳಿ ನಗೆಪಾಟಲಾದವರು ನಮ್ಮಲ್ಲಿ ಬಹಳ ಜನ ಇದ್ದೀರಿ. ನಮ್ಮ ಮಾತು ಸಿನಿಮಾದಲ್ಲಿ ಬಂದರೆ ನಗಿಸುವವನ ಬಾಯಲ್ಲಿ ಬರಬೇಕು ಎಂಬಂತಿತ್ತು. ‘ತಿಥಿ’ಯಲ್ಲಿ ಅದು ಮಾತಾಗಿಯೇ ಬಂತು. ಸಿಟ್ಟಿಗೂ ಅದೇ, ದುಃಖಕ್ಕೂ ಅದೇ, ವ್ಯವಹಾರಕ್ಕೂ ಅದೇ.

ಆ ಸಹೋದ್ಯೋಗಿಗಳನ್ನು ಒಂದು ಶನಿವಾರ ಕರೆದುಕೊಂಡು ಹೋದೆ. ಅಲ್ಲಿ ಕಂಡದ್ದು ಏನು? ಕಬ್ಬಿನ ಗದ್ದೆ, ತಿಪ್ಪೆ, ಹಾಲಿನ ಡೇರಿ, ಜಗಲಿಯ ಮೇಲೆ ಕುಳಿತವರು. ನಮ್ಮೂರಿನಲ್ಲಿ ಇರುವುದೇ. ಬಂದ ಗೆಳೆಯರಿಗೆ ಮೊದಲ ಹತ್ತು ನಿಮಿಷ ನಿರಾಸೆ. ಒಬ್ಬರು ಮೊಬೈಲ್ ಎತ್ತಿಕೊಂಡು ಜಗಲಿಯ ಮೇಲಿನ ಅಜ್ಜನೊಬ್ಬರ ಮುಖದ ಹತ್ತಿರ ಹಿಡಿದು, ಸಿನಿಮಾದಲ್ಲಿದ್ದಂತೆ ಏನಾದರೂ ಅನ್ನಿ ಎಂದು ನನ್ನ ಕೈಲಿ ಕೇಳಿಸಲು ಹೋದರು. ನಾನು ಆ ಮಾತನ್ನು ದಾಟಿಸಲಿಲ್ಲ. ಆ ಅಜ್ಜ ಸೆಟ್ಟಿನ ಸಾಮಾನಲ್ಲ, ಬೆಳಿಗ್ಗೆ ಗದ್ದೆಗೆ ನೀರು ಕಟ್ಟಿ ಬಂದು ಕುಳಿತವರು. ಅವರೇ ನಮ್ಮನ್ನು ಯಾವೂರು, ಯಾರ ಪೈಕಿ, ಉಂಡ್ರಾ ಎಂದು ವಿಚಾರಿಸಿದರು. ಈ ಸಲ ಕಬ್ಬು ಕಟಾವಿಗೆ ಆಳು ಸಿಗುತ್ತಿಲ್ಲ ಅಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಅರ್ಧ ಗಂಟೆಯಾದ ಮೇಲೆ ಮೊಬೈಲುಗಳು ಜೇಬಿಗೆ ಹೋಗಿದ್ದವು. ಪುಣೆಯವರೊಬ್ಬರು ತಮ್ಮ ಸಾತಾರಾ ಕಡೆಯ ಕಬ್ಬಿನ ವಿಷಯ ಎತ್ತಿದರು. ಮರಳುವಾಗ ಕಾರಿನಲ್ಲಿ ಸಿನಿಮಾದ ಮಾತೇ ಬರಲಿಲ್ಲ, ಸಕ್ಕರೆ ಕಾರ್ಖಾನೆ ಬಾಕಿಯದೇ ಚರ್ಚೆ.

ಮಕ್ಕಳೇ, ಪಾರ್ಕಿಗೂ ನಿಜವಾದ ಜಾಗಕ್ಕೂ ಇರುವ ಇನ್ನೊಂದು ವ್ಯತ್ಯಾಸ ಹೇಳುತ್ತೇನೆ, ಇದನ್ನು ಗಮನವಿಟ್ಟು ಕೇಳಿ. ಪಾರ್ಕಿನ ಗಾಡಿಗೆ ಬೆಲ್ಟ್ ಇರುತ್ತದೆ, ನೀರಿನ ಪಕ್ಕ ಸೀಟಿ ಊದುವವನು ಇರುತ್ತಾನೆ. ಬಲಮುರಿಯಲ್ಲಿ, ಮುತ್ತತ್ತಿಯಲ್ಲಿ ಕಾವೇರಿಗೆ ಬೆಲ್ಟ್ ಇಲ್ಲ. ನಾಯಕ ನಾಯಕಿ ಬಂಡೆಯಿಂದ ಬಂಡೆಗೆ ನೆಗೆಯುವಾಗ ಕ್ಯಾಮೆರಾದ ಹಿಂದೆ ಹಗ್ಗ ಹಿಡಿದವರು, ಈಜುಗಾರರು ಇರುತ್ತಾರೆ. ಅವರು ತೆರೆಯ ಮೇಲೆ ಕಾಣುವುದಿಲ್ಲ. ಅದನ್ನು ನೋಡಿ ನಮ್ಮ ವಯಸ್ಸಿನ ಹುಡುಗರು ಸೆಲ್ಫಿಗೆಂದು ಇಳಿಯುತ್ತಾರೆ, ಸುಳಿಗೆ ಸಿಕ್ಕಿದ ಸುದ್ದಿ ಮಾರನೆಯ ದಿನದ ಪತ್ರಿಕೆಯಲ್ಲಿ ಬರುತ್ತದೆ. ಈ ಕಾರಣಕ್ಕೇ ಪ್ರವಾಸವೆಂದರೆ ಶಿಕ್ಷಕರಿಗೆ ಭಯ, ಬೇಲಿಯೊಳಗಿನ ಪಾರ್ಕೇ ವಾಸಿ ಅನ್ನಿಸುತ್ತದೆ. ಆ ಭಯ ನ್ಯಾಯವಾದದ್ದೇ. ಆದ್ದರಿಂದ ನಾನು ಹೇಳುವ ಪ್ರವಾಸದಲ್ಲಿ ಯಾರೂ ನೀರಿಗೆ ಇಳಿಯುವಂತಿಲ್ಲ.

ನಾನು ಹೇಳುವ ಜಾಗ ಮಳವಳ್ಳಿ ತಾಲ್ಲೂಕಿನದೇ. ಶಿವನಸಮುದ್ರ. ಗಗನಚುಕ್ಕಿಯನ್ನು ಎದುರಿನ ವೀಕ್ಷಣೆಯ ಕಟ್ಟೆಯಿಂದ ನೋಡಿದರೆ ಸಾಕು. ಆಮೇಲೆ ಬ್ಲಫ್‌ಗೆ ಹೋಗಬೇಕು. ವಿದ್ಯುತ್ ಕೇಂದ್ರದ ಒಳಗೆ ಬಿಡಲು ಮೊದಲೇ ಅನುಮತಿ ಪಡೆಯಬೇಕಾಗುತ್ತದೆ, ಆ ಓಡಾಟವನ್ನು ನಾನು ವಹಿಸಿಕೊಳ್ಳುತ್ತೇನೆ. 1902ರ ಜೂನ್ 30ರಂದು ಅಲ್ಲಿಂದ ಹೊರಟ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದದ ತಂತಿಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಬಿಟ್ಟು, 1905ರಲ್ಲಿ. ಯೋಜನೆಯ ಹಿಂದೆ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅದು ಶುರುವಾಗುವುದನ್ನು ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅಲ್ಲಿಗೆ ಹತ್ತಿರದ ರೈಲು ನಿಲ್ದಾಣ ಆಗ ನಮ್ಮ ಮದ್ದೂರು. ಜನರೇಟರುಗಳು ಅಮೆರಿಕದಿಂದ ಬಂದವು, ಟರ್ಬೈನುಗಳು ಜೂರಿಕ್‌ನ ಎಷರ್ ವಿಸ್ ಕಂಪನಿಯಿಂದ. ಜೂರಿಕ್ ಎಂದರೆ ಮತ್ತೆ ಸ್ವಿಟ್ಜರ್ಲೆಂಡ್! ಆ ದೇಶದ ಬೆಟ್ಟದ ಬೊಂಬೆ ಕ್ಯಾಲಿಫೋರ್ನಿಯಾಕ್ಕೆ ಹೋಗುವುದಕ್ಕೆ ಅರ್ಧ ಶತಮಾನ ಮೊದಲೇ ಅದರ ಯಂತ್ರ ಮಳವಳ್ಳಿಗೆ ಬಂದಿತ್ತು.

ಇಂಜಿನಿಯರ್ ಆಗಿ ಒಂದು ಲೆಕ್ಕ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ರೋಲರ್ ಕೋಸ್ಟರಿನಲ್ಲಿ ಗಾಡಿಯನ್ನು ಕರೆಂಟು ಖರ್ಚು ಮಾಡಿ ಮೇಲಕ್ಕೆಳೆಯುತ್ತಾರೆ, ಕೆಳಗೆ ಬೀಳುವಾಗ ನಾವು ಕಿರುಚುತ್ತೇವೆ. ಶಿವನಸಮುದ್ರದಲ್ಲಿ ಮೇಲಕ್ಕೆ ಎಳೆಯುವ ಕೆಲಸ ಸೂರ್ಯನದು, ಮೋಡದ್ದು. ಬೀಳುವ ನೀರು ಕರೆಂಟು ಕೊಡುತ್ತದೆ. ಒಂದು ಸೆಕೆಂಡಿಗೆ ಸಾವಿರ ಲೀಟರ್ ನೀರು 120 ಮೀಟರ್, ಅಂದರೆ ಹತ್ತಿರ ಹತ್ತಿರ 400 ಅಡಿ ಬಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 1,176 ಕಿಲೋವಾಟ್. ಸಾವಿರವನ್ನು 9.8ರಿಂದ, ಬಂದದ್ದನ್ನು 120ರಿಂದ ಗುಣಿಸಿ ನೋಡಿ, ವಾಟ್‌ಗಳಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿ ಈ ಲೆಕ್ಕ ಕೈಕೊಡುತ್ತಿತ್ತು. ಗದ್ದೆಗೆ ನೀರು, ಶಿವನಸಮುದ್ರಕ್ಕೆ ವರ್ಷವಿಡೀ ನೀರು, ಎರಡಕ್ಕೂ ಆಗಲೆಂದೇ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಹಿಡಿದರು. ಬೃಂದಾವನ ಆ ಕಟ್ಟೆಯ ಕಾಲಬುಡದ ಹೂದೋಟ. ಇಷ್ಟನ್ನು ಜಾಗದಲ್ಲಿ ನಿಲ್ಲಿಸಿ ತೋರಿಸಿದರೆ ಭೌತಶಾಸ್ತ್ರ, ಚರಿತ್ರೆ ಎರಡೂ ಪಾಠ ಒಂದೇ ದಿನಕ್ಕೆ ಮುಗಿಯುತ್ತವೆ.

ವಂಡರ್‌ಲಾ ಬೇಡ ಎಂದು ನಾನು ಹೇಳುವುದಿಲ್ಲ. ಮಕ್ಕಳ ಚೀಟಿಗೆ ಮರ್ಯಾದೆ ಕೊಡಬೇಕು. ಅದು ಎರಡನೇ ದಿನಕ್ಕಿರಲಿ, ಅದರ ಖರ್ಚನ್ನೂ ಸಂಘ ಕೊಡಲಿ. ಮೊದಲ ದಿನ ಶಿವನಸಮುದ್ರ. ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ: ಎಂದಿನಂತೆ ಡಿಸೆಂಬರಿಗೆ ಇಡಬೇಡಿ. ಆಗ ಗಗನಚುಕ್ಕಿಯಲ್ಲಿ ಬಂಡೆ ಹೆಚ್ಚು, ನೀರು ಕಮ್ಮಿ. ಕಟ್ಟೆ ತುಂಬಿ ಹೊಳೆಗೆ ನೀರು ಬಿಟ್ಟ ಸುದ್ದಿ ಬಂದ ವಾರ ಹೊರಡೋಣ. ಬಸ್ಸಿಗೆ ನಾನು ಹೇಳಿಟ್ಟಿದ್ದೇನೆ, ಐವತ್ತು ಸೀಟು. ಮಕ್ಕಳು ನಲವತ್ತೊಂದು, ಶಿಕ್ಷಕರು ನಾಲ್ವರು. ಬ್ಲಫ್‌ನಲ್ಲೋ ಶಿಂಷಾದಲ್ಲೋ ಕೆಲಸ ಮಾಡಿ ನಿವೃತ್ತರಾದವರು, ನಾಲೆಯ ಮೇಲೆ ಸೌಡಿ ಕೆಲಸ ಮಾಡಿದವರು ಈ ಸಭೆಯಲ್ಲಿದ್ದರೆ ಉಳಿದ ಐದು ಸೀಟು ಅವರದು, ಮುಂದಿನ ಸಾಲಿನದೇ. ಊಟ ಆದ ಮೇಲೆ ಶಾಲೆಯ ಆಫೀಸಿನಲ್ಲಿ ಇವತ್ತೇ ಹೆಸರು ಬರೆಸಿ.