ಸಂಸತ್ತಿನ ಸೋಫಾ ಮೇಲೆ 39 ದಿನ

ಇವತ್ತು ಒಬ್ಬ ಎಂಪಿ ಕಥೆ ಹೇಳ್ತೀನಿ. ನಮ್ಮವರಲ್ಲ, ಫ್ರಾನ್ಸಿನವರು. ಹೆಸರು ಝಾನ್ ಲಸಾಲ್.

ಪಿರನೀಸ್ ಬೆಟ್ಟಸಾಲಿನ ಲೂರ್ಡಿಯೋಸ್-ಇಷೇರ್ ಎಂಬ ಪುಟ್ಟ ಹಳ್ಳಿ. ಕುರಿ ಕಾಯುವವರ ಮನೆ. 1977ರಲ್ಲಿ, ಮೀಸೆ ಚಿಗುರಿದ 21ರ ವಯಸ್ಸಿಗೇ ಊರಿನ ಮೇಯರ್. 2002ರಲ್ಲಿ ಮಧ್ಯಮಪಂಥದ ಯುಡಿಎಫ್ ಪಕ್ಷದಿಂದ ಪ್ಯಾರಿಸ್‌ಗೆ. ಮರುವರ್ಷವೇ ಗೃಹಸಚಿವ ಸರ್ಕೋಜಿ ಸದನದಲ್ಲಿದ್ದಾಗ ಈ ಮನುಷ್ಯ ಎದ್ದು ನಿಂತು ತಮ್ಮ ಸೀಮೆಯ ಆಕ್ಸಿಟನ್ ಭಾಷೆಯಲ್ಲಿ ಹಾಡೇ ಶುರು ಮಾಡಿಬಿಟ್ಟರು! ಯಾಕೆ? ಸೋಂಪೋರ್ ಸುರಂಗ ಕಾಯುವ ಪೊಲೀಸರನ್ನು ಕಣಿವೆಯಿಂದ ಎತ್ತಂಗಡಿ ಮಾಡ್ಬೇಡಿ ಅಂತ.

ಸರಿ, ಇದು ತಮಾಷೆ ಅನ್ನಿ. ಆದರೆ 2006ರದ್ದು ತಮಾಷೆಯಲ್ಲ. ಅವರ ಕ್ಷೇತ್ರದ ಅಕೂಸ್ ಎಂಬಲ್ಲಿ ಜಪಾನ್ ಕಂಪನಿಯೊಂದರ ಅಲ್ಯುಮಿನಿಯಂ ಕಾರ್ಖಾನೆ. ಸುಮಾರು 150 ಜನಕ್ಕೆ ಕೆಲಸ. ಕಂಪನಿ ಅದೇ ಜಿಲ್ಲೆಯ ಲಾಕ್‌ನಲ್ಲಿ ಹೊಸ ಘಟಕ ಕಟ್ಟಲು ಹೊರಟಿತು. ಇವತ್ತು ಹೊಸ ಘಟಕ, ನಾಳೆ ಹಳೆಯದಕ್ಕೆ ಬೀಗ, ಇದು ಲಸಾಲ್ ಭಯ. ನಾನು ಇಂಜಿನಿಯರಿಂಗ್ ಓದಿದವನು. ಕಾಗದದ ಮೇಲೆ ಲೆಕ್ಕ ಹಾಕಿದ್ರೆ ಕಂಪನಿ ಕಡೆಗೇ ವಾಲ್ತೀನೇನೋ. ಆದ್ರೆ ಕಣಿವೆಯಲ್ಲಿ ಒಂದು ಫ್ಯಾಕ್ಟರಿ ಹೋದ್ರೆ ಹಿಂದೆಯೇ ಶಾಲೆ, ಅಂಗಡಿ ಎಲ್ಲ ಹೋಗುತ್ತೆ ಕಣ್ರೀ. ಆ ಲೆಕ್ಕ ಯಾವ ಪುಸ್ತಕದಲ್ಲೂ ಇರಲ್ಲ.

ಮಾರ್ಚ್ 7ಕ್ಕೆ ಸಂಸತ್ ಭವನದೊಳಗೇ ಉಪವಾಸ ಕೂತರು. ಸೋಫಾ ಮೇಲೆ, ಸಹೋದ್ಯೋಗಿಗಳು ಓಡಾಡುವ ದಾರಿಯಲ್ಲೇ. 39 ದಿನ! 21 ಕಿಲೋ ಇಳಿದರು, ಆಸ್ಪತ್ರೆ ಸೇರಿದರು. ಕೊನೆಗೆ ಅಧ್ಯಕ್ಷ ಶಿರಾಕ್ ತನಕ ಎಲ್ಲರೂ ಮಧ್ಯೆ ಬಂದರು. ಕಾರ್ಖಾನೆ ಉಳೀತು. ಹೀಗೆ ಹಟ ಹಿಡಿದು ಹೂಡಿಕೆ ತಡೆಯೋದು ಸರೀನಾ ಅಂತ ಕೇಳಿದವರೂ ಇದ್ದರು. ಕೇಳಬೇಕಾದ ಪ್ರಶ್ನೆಯೇ.

2013ರಲ್ಲಿ ಜನರ ಮಾತು ಕೇಳ್ತೀನಿ ಅಂತ ಫ್ರಾನ್ಸ್ ಉದ್ದಗಲಕ್ಕೂ ನಡೆದರು. 2016ರಲ್ಲಿ ಗೆಳೆಯ ಬೈರೂ ಕಟ್ಟಿದ ಮೊಡೆಮ್ ಪಕ್ಷವನ್ನೂ ಬಿಟ್ಟರು. 2018ರಲ್ಲಿ ಸದನದಲ್ಲಿ ಹಳದಿ ಜಾಕೆಟ್ ತೊಟ್ಟು ಕೂತು ದಂಡ ಕಟ್ಟಿಸಿಕೊಂಡರು. ಎರಡು ಸಲ ಅಧ್ಯಕ್ಷ ಚುನಾವಣೆಗೂ ನಿಂತರು. 2022ರಲ್ಲಿ ಶೇ 3.13, ಅಂದ್ರೆ 11 ಲಕ್ಷ ವೋಟು!

ಆಮೇಲೆ ಏನ್ಮಾಡಿದ್ರು ಗೊತ್ತಾ? ಎರಡನೇ ಸುತ್ತಿನ ದಿನ ತಮ್ಮೂರ ಮತಗಟ್ಟೆಗೆ ಹೋಗಿ, ನಾನು ವೋಟು ಹಾಕಲ್ಲ ಅಂತ ಅಲ್ಲೇ ವಿಡಿಯೋ ಮಾಡಿದರು. ಸಂವಿಧಾನ ಮಂಡಳಿ ಆ ಮತಗಟ್ಟೆಯ ಫಲಿತಾಂಶವನ್ನೇ ರದ್ದು ಮಾಡಿತು. ಯಾವ ಊರಿಗೆ 40 ವರ್ಷ ಮೇಯರ್ ಆಗಿದ್ರೋ, ಆ ಊರಿನವರ ವೋಟೇ ಲೆಕ್ಕಕ್ಕೆ ಸಿಗಲಿಲ್ಲ. ಇದೊಂದಕ್ಕೆ ಮಾತ್ರ ನನಗೆ ಅವರ ಮೇಲೆ ಸಿಟ್ಟಿದೆ ಸ್ವಾಮಿ.