ನಂದಿಕೂರಿನಿಂದ ನೋಡಿದ ವಿಶ್ವವಿದ್ಯಾಲಯ



ವಿಶ್ವವಿದ್ಯಾಲಯವೊಂದು ತನ್ನ ವಿದ್ಯಾರ್ಥಿಗಳ ಕಲಿಕೆ, ಉದ್ಯೋಗಾರ್ಹತೆ, ಡಿಜಿಟಲ್ ಅನುಭವ ಈ ಮೂರನ್ನೂ ಹೇಗೆ ಸುಧಾರಿಸಬಹುದು ಎಂಬ ಬಗ್ಗೆ ಈ ದತ್ತಿ ಉಪನ್ಯಾಸದಲ್ಲಿ ಮಾತಾಡಲು ಹೇಳಿದ್ದೀರಿ. ವಿಶ್ವವಿದ್ಯಾಲಯದ ಕಚೇರಿಯಲ್ಲಿ ಇವು ಮೂರು ಬೇರೆ ಬೇರೆ ಕಡತ. ವಿದ್ಯಾರ್ಥಿಗೆ ಮಾತ್ರ ಇವೆಲ್ಲ ಸೇರಿ ಒಂದೇ ದಿನ. ಹಾಗಾಗಿ ನಾನು ಕುಲಪತಿಗಳ ಕೊಠಡಿಯ ಕಡೆಯಿಂದ ಹೊರಡದೆ, ಬೆಳಿಗ್ಗೆ ನಂದಿಕೂರಿನಲ್ಲಿ ಬಸ್ಸು ಹತ್ತುವ ಒಬ್ಬ ಬಿ.ಕಾಂ. ಹುಡುಗಿಯ ಕಡೆಯಿಂದ ಹೊರಡುತ್ತೇನೆ.

ನಂದಿಕೂರು ಉಡುಪಿ ಜಿಲ್ಲೆಯ ಪಡುಬಿದ್ರಿ–ಕಾರ್ಕಳ ರಸ್ತೆಯ ಊರು. ಪೂರ್ವಕ್ಕೆ ಹೋದರೆ ಬೆಳ್ಮಣ್ ದಾಟಿ ನಿಟ್ಟೆ. ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು 1979ರಲ್ಲಿ ಸ್ಥಾಪಿಸಿದ ಟ್ರಸ್ಟು 1986ರಲ್ಲಿ ಅಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. 2008ರಲ್ಲಿ ಅದೇ ಟ್ರಸ್ಟಿನ ನಿಟ್ಟೆ ವಿಶ್ವವಿದ್ಯಾಲಯಕ್ಕೆ ಡೀಮ್ಡ್ ಮಾನ್ಯತೆ ಸಿಕ್ಕಿತು. ಪಡುಬಿದ್ರಿಗೆ ಬಂದು ಉತ್ತರಕ್ಕೆ ತಿರುಗಿದರೆ ಕಾಪು, ಉಡುಪಿ, ಅಲ್ಲಿಂದ ಮಣಿಪಾಲ: 1953ರಲ್ಲಿ ವೈದ್ಯಕೀಯ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ. ದಕ್ಷಿಣಕ್ಕೆ ಸುರತ್ಕಲ್ಲಿನ ಎನ್‌ಐಟಿಕೆ, ಇನ್ನೂ ಮುಂದೆ ಕೊಣಾಜೆಯಲ್ಲಿ 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯ. ಉದ್ಯಮಗಳಿಗೂ ಕೊರತೆಯಿಲ್ಲ. ಎಲ್ಲೂರಿನಲ್ಲಿ 1,200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ, ಪಾದೂರಿನ ನೆಲದಡಿ 25 ಲಕ್ಷ ಟನ್ ಕಚ್ಚಾತೈಲದ ಸಂಗ್ರಹಾಗಾರ, ಪಡುಬಿದ್ರಿಯಲ್ಲಿ ಗಾಳಿಯಂತ್ರದ ರೆಕ್ಕೆ ತಯಾರಿಸುವ ಘಟಕ, ನಂದಿಕೂರಿನಲ್ಲೇ ಕೈಗಾರಿಕಾ ಪ್ರದೇಶ. ಕೊಂಕಣ ರೈಲಿನ ನಿಲ್ದಾಣ ಕೂಡ ಇದೆ.

ಇಷ್ಟೆಲ್ಲ ಸುತ್ತುವರಿದಿರುವ ಊರಿನಲ್ಲಿ, ದೊಡ್ಡ ಶುಲ್ಕ ಕಟ್ಟಲಾಗದ ಮನೆಯ ಮಕ್ಕಳು ಓದುವುದು ಕಾಪುವಿನ ಅಥವಾ ಕಾರ್ಕಳದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ. ನನ್ನ ಇಂದಿನ ಮಾತು ಮುಖ್ಯವಾಗಿ ಇವರ ಬಗ್ಗೆ, ಇವರಿಗೆ ಪದವಿ ಕೊಡುವ ವಿಶ್ವವಿದ್ಯಾಲಯದ ಬಗ್ಗೆ.

ನಾನು ವಾಣಿಜ್ಯಶಾಸ್ತ್ರ ಪಾಠ ಮಾಡಿದವನು, ಆದ್ದರಿಂದ ಲೆಕ್ಕಪುಸ್ತಕದ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಕಾರ್ಖಾನೆಗೆ ಹೊಸ ಯಂತ್ರ ಬಂತು. ಅದನ್ನು ಕೂರಿಸಲು ಕೆಲಸದವರಿಗೆ 8,000 ರೂಪಾಯಿ ಕೊಟ್ಟರು. ಈ ಹಣವನ್ನು ಯಾವ ಖಾತೆಗೆ ಬರೆಯಬೇಕು? ಕೊಟ್ಟದ್ದು ಕೂಲಿ, ಆದ್ದರಿಂದ ಕೂಲಿ ಖಾತೆಗೆ ಎಂದು ತರಗತಿಯಲ್ಲಿ ಬಹಳ ಮಂದಿ ಬರೆಯುತ್ತಾರೆ. ಸರಿಯಾದ ಉತ್ತರ ಯಂತ್ರದ ಖಾತೆ. ಆ ಹಣ ಯಂತ್ರವನ್ನು ಕೆಲಸಕ್ಕೆ ಸಿದ್ಧಗೊಳಿಸಿತು, ಯಂತ್ರದ ಬೆಲೆಯಲ್ಲೇ ಸೇರಿಕೊಂಡಿತು, ವರ್ಷ ವರ್ಷ ಸವಕಳಿಯಾಗಿ ಇಳಿಯಬೇಕು. ಕೂಲಿಗೆ ಬರೆದರೆ, ಸವಕಳಿಯನ್ನು ಬದಿಗಿಟ್ಟು ನೋಡಿದಾಗ, ಈ ವರ್ಷದ ಲಾಭ 8,000 ಕಡಿಮೆ ಕಾಣುತ್ತದೆ, ಆಸ್ತಿಯ ಪಟ್ಟಿಯೂ ತಪ್ಪುತ್ತದೆ.

ಈ ತಪ್ಪಿಗೆ ಒಂದು ವಿಶೇಷವಿದೆ. ಇದರಿಂದ ತಾಳೆಪಟ್ಟಿ ಕೆಡುವುದಿಲ್ಲ. ಖರ್ಚು ಜಮೆ ಎರಡೂ ಬದಿ ಸರಿಸಮ. ಟ್ಯಾಲಿಯಲ್ಲಿ ಹಾಕಿದರೂ ತಂತ್ರಾಂಶ ತಕರಾರಿಲ್ಲದೆ ಸ್ವೀಕರಿಸುತ್ತದೆ. ತಪ್ಪು ತಪ್ಪೆಂದು ಹೇಳಲು ವಿಷಯ ಬಲ್ಲ ಒಬ್ಬ ಮನುಷ್ಯ ಬೇಕು. ಅವರು ಯಾವಾಗ ಹೇಳುತ್ತಾರೆ ಎನ್ನುವುದರ ಮೇಲೆ ಕಲಿಕೆ ನಿಂತಿದೆ.

ನಮ್ಮಲ್ಲಿ ಆಗುತ್ತಿರುವುದೇನು? ಇಂಟರ್ನಲ್ ಪರೀಕ್ಷೆ ನಡೆಯುತ್ತದೆ, ಉತ್ತರ ಪತ್ರಿಕೆಗಳ ಕಟ್ಟು ಕಪಾಟು ಸೇರುತ್ತದೆ, ಅಂಕ ಕಂಪ್ಯೂಟರಿಗೆ ಏರುತ್ತದೆ. ಪತ್ರಿಕೆ ಹುಡುಗಿಯ ಕೈಗೆ ಬರುವಾಗ ಸೆಮಿಸ್ಟರ್ ಮುಗಿಯುತ್ತ ಬಂದಿರುತ್ತದೆ. ಹತ್ತಕ್ಕೆ ಆರು ಎಂದು ಕೆಂಪು ಶಾಯಿಯಲ್ಲಿದೆ. ಕಳೆದುಹೋದ ನಾಲ್ಕು ಎಲ್ಲಿ ಹೋಯಿತೆಂದು ಕೇಳಲು ಸಮಯವೂ ಇಲ್ಲ, ಸಲುಗೆಯೂ ಇಲ್ಲ. ಅವಳು ಅದೇ ತಪ್ಪನ್ನು ತೆಗೆದುಕೊಂಡು ಅಂತಿಮ ಪರೀಕ್ಷೆಗೆ ಹೋಗುತ್ತಾಳೆ, ಅಲ್ಲಿಂದ ಕೆಲಸಕ್ಕೂ ಹೋಗುತ್ತಾಳೆ.

ಪಾಠದ ಜತೆಜತೆಗೇ ಬರೆದು ನೋಡುವುದರಿಂದ ಏನು ಪ್ರಯೋಜನ ಎಂಬ ಬಗ್ಗೆ ಗಟ್ಟಿ ಸಂಶೋಧನೆಗಳಿವೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಕೆಲವರಿಗೆ ಮತ್ತೆ ಓದಲು ಹೇಳಿದರು, ಕೆಲವರಿಗೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ವಾರ ಕಳೆದು ಕೇಳಿದಾಗ ಬರೆದವರು ಮುಂದೆ ಬಂದರು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬರೀ ಉಪನ್ಯಾಸ ಕೇಳುವ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ಅನುತ್ತೀರ್ಣರಾಗುತ್ತಿದ್ದರೆ, ತರಗತಿಯಲ್ಲೇ ಲೆಕ್ಕ ಬಿಡಿಸಿ ಚರ್ಚಿಸುವ ಕಡೆ ಸುಮಾರು 22 ಮಂದಿ. ಇದಕ್ಕೆ ಸ್ಮಾರ್ಟ್ ಬೋರ್ಡು ಬೇಕಿಲ್ಲ. ಪಾಠದ ಕೊನೆಯ ಹತ್ತು ನಿಮಿಷ ಒಂದು ಪ್ರಶ್ನೆ, ಒಂದು ಚೀಟಿ, ಮರುದಿನ ಅದರ ತಿದ್ದುಪಡಿ ಸಾಕು.

ಹೀಗೆ ದಿನದಿನದ ಲೆಕ್ಕಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಮಾದರಿಯಿದೆ. 1928ರಲ್ಲಿ ಮಣಿಪಾಲದ ಡಾ. ಟಿ.ಎಂ.ಎ. ಪೈಗಳ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ದಿನವೂ ಅಂಗಡಿ ಬಾಗಿಲಿಗೆ ಬಂದು ಎರಡಾಣೆಯನ್ನೂ ಬಿಡದೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ತಿಂಗಳ ಕೊನೆಗೆ ಒಟ್ಟಿಗೆ ಕಟ್ಟಿ ಎಂದಿದ್ದರೆ ಬೀಡಿ ಕಟ್ಟುವವರಾಗಲಿ ಮೀನು ಮಾರುವವರಾಗಲಿ ಒಂದು ಕಾಸೂ ಉಳಿಸುತ್ತಿರಲಿಲ್ಲ. ಕಲಿಕೆಯ ಲೆಕ್ಕವೂ ಹೀಗೆ ದಿನದಿನ ಕಟ್ಟಿಸಿಕೊಳ್ಳಬೇಕಾದ್ದು. ನಾವು ಅದನ್ನು ಸೆಮಿಸ್ಟರ್ ಕೊನೆಗೆ ಒಟ್ಟಿಗೆ ವಸೂಲು ಮಾಡಲು ಹೊರಟಿದ್ದೇವೆ. ಅದೇ ಪೈಗಳು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಕಟ್ಟಿದಾಗ ಯುವಕರಿಗೆ ಕಸುಬಿನ ತರಬೇತಿ ಕೊಡುವ ಉದ್ದೇಶ ಅವರ ಮುಂದಿತ್ತು. ಈ ಜಿಲ್ಲೆಯಲ್ಲಿ ಕೆಲಸದ ಕಲಿಕೆ ಮತ್ತು ಪುಸ್ತಕದ ಕಲಿಕೆ ಜತೆಯಾಗಿಯೇ ಹುಟ್ಟಿದವು.

ಇನ್ನು ಉದ್ಯೋಗಕ್ಕೆ ಬರೋಣ. ಕಾಲೇಜುಗಳ ಪ್ರಚಾರ ಪತ್ರಗಳಲ್ಲಿ ಕ್ಯಾಂಪಸ್ ಸೆಲೆಕ್ಷನ್ನಿನ ಅತಿ ದೊಡ್ಡ ಸಂಬಳವನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಒಬ್ಬನಿಗೆ ಸಿಕ್ಕ ಸಂಬಳದಿಂದ ಉಳಿದವರ ಬಗ್ಗೆ ಏನೂ ತಿಳಿಯುವುದಿಲ್ಲ. ಕೆಲಸ ಸಿಕ್ಕವರಲ್ಲಿ ನಡುವೆ ನಿಂತವನ ಸಂಬಳ ಎಷ್ಟು, ಎರಡು ವರ್ಷದ ನಂತರ ಅವನು ಎಲ್ಲಿದ್ದಾನೆ ಎಂಬುದನ್ನು ಪ್ರಕಟಿಸುವ ವಿಶ್ವವಿದ್ಯಾಲಯವನ್ನು ನಾನು ನಂಬುತ್ತೇನೆ.

ಇದಕ್ಕಿಂತ ದೊಡ್ಡ ಅವಕಾಶವೊಂದು ಕಾನೂನಿನಲ್ಲೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿಯ 2019ರ ತಿದ್ದುಪಡಿ ನಿಯಮಗಳಂತೆ, 30 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆ ತನ್ನ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಆ ನಿಯಮಗಳು ಪದವೀಧರ ಅಪ್ರೆಂಟಿಸಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಭತ್ಯೆ ಗೊತ್ತುಪಡಿಸಿದವು. ಯುಜಿಸಿ 2020ರಲ್ಲಿ ಅಪ್ರೆಂಟಿಸ್‌ಶಿಪ್ಪನ್ನು ಪದವಿಯೊಳಗೇ ಸೇರಿಸಿ ಅದಕ್ಕೆ ಕ್ರೆಡಿಟ್ ಕೊಡಲು ಮಾರ್ಗಸೂಚಿ ಹೊರಡಿಸಿತು. ಅಂದರೆ ನಮ್ಮ ಹುಡುಗಿ ಒಂದು ಸೆಮಿಸ್ಟರನ್ನು ನಂದಿಕೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲೆಕ್ಕ ವಿಭಾಗದಲ್ಲಿ ಕಳೆಯಬಹುದು, ಅಂಕವೂ ಸಿಗುತ್ತದೆ, ಬಸ್ಸಿನ ಖರ್ಚಿಗೆ ಮನೆಯಲ್ಲಿ ಕೈಚಾಚಬೇಕಾಗಿಲ್ಲ. ಅಲ್ಲಿ ನಿಜವಾದ ಯಂತ್ರ ಬಂದಿಳಿಯುತ್ತದೆ. ಯಂತ್ರದ ಇನ್‌ವಾಯ್ಸು, ಲಾರಿ ಬಾಡಿಗೆಯ ರಸೀದಿ, ಕೂರಿಸಿದವರ ಬಿಲ್ಲು ಮೂರೂ ಒಂದೇ ಫೈಲಿನಲ್ಲಿ ಪಿನ್ ಹಾಕಿ ಇಟ್ಟಿರುತ್ತಾರೆ. ಆ ಫೈಲನ್ನು ಒಮ್ಮೆ ಕೈಯಲ್ಲಿ ಹಿಡಿದವಳು ಆ 8,000 ರೂಪಾಯಿಯನ್ನು ಮತ್ತೆಂದೂ ಕೂಲಿ ಖಾತೆಗೆ ಬರೆಯುವುದಿಲ್ಲ.

ಕೆಲಸವೆಂದರೆ ಬೆಂಗಳೂರು, ಇಲ್ಲವೆ ಮುಂಬಯಿ, ಇಲ್ಲವೆ ಗಲ್ಫ್ ಎಂಬ ಎಣಿಕೆ ನಮ್ಮ ಕರಾವಳಿಯಲ್ಲಿ ಬೇರೂರಿದೆ. ಆದರೆ ರೋಬೋಸಾಫ್ಟ್ ಎಂಬ ಕಂಪನಿ 1996ರಲ್ಲಿ ಉಡುಪಿಯಲ್ಲೇ ಆರಂಭವಾಗಿ ಜಗತ್ತಿಗೆ ತಂತ್ರಾಂಶ ಬರೆದುಕೊಟ್ಟಿತು. 2021ರಲ್ಲಿ ಜಪಾನಿನ ಟೆಕ್ನೋಪ್ರೋ ಅದನ್ನು ಕೊಂಡುಕೊಂಡಿತು. ಊರಲ್ಲೇ ಇದ್ದು ಮಾಡುವ ಕೆಲಸವಿದೆಯೆಂದು ಪ್ರಾಧ್ಯಾಪಕರಿಗೆ ಮೊದಲು ಗೊತ್ತಿರಬೇಕು. ಎಲ್ಲೂರಿಗೆ, ಪಾದೂರಿಗೆ, ಮಣಿಪಾಲಕ್ಕೆ ಹೋಗಿ ಮಾತಾಡಿ ಬರಲು ಅವರಿಗೆ ತಿಂಗಳಿಗೆ ಒಂದು ದಿನ ಬಿಡುವು ಕೊಡಬೇಕು. ಅದನ್ನು ರಜೆಯೆಂದು ಲೆಕ್ಕ ಹಾಕಬಾರದು.

ಡಿಜಿಟಲ್ ಅನುಭವ ಎಂದಾಗ ನನ್ನ ಕಣ್ಣಿಗೆ ಕಾಣುವುದು ಹುಡುಗಿಯ ಕೈಯ ಮೊಬೈಲು. ಕರ್ನಾಟಕದ ಹಲವು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಯ ಮೂಲಕ ನಡೆಯುತ್ತವೆ. ಕೌಂಟರಿನ ಮುಂದಿನ ಸಾಲು ತಪ್ಪಿದ್ದು ದೊಡ್ಡ ಉಪಕಾರ, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಆನ್‌ಲೈನ್ ಅರ್ಜಿ ಎಂದರೆ ಸಾಮಾನ್ಯವಾಗಿ ಮೊಬೈಲಿಗೆ ಒಂದು ಒಟಿಪಿ ಬರುತ್ತದೆ. ಪ್ರವೇಶದ ದಿನ ಕೊಟ್ಟಿದ್ದು ಅಪ್ಪನ ನಂಬರು, ಅಪ್ಪ ಮುಂಬಯಿಯ ಹೋಟೆಲಿನಲ್ಲಿ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವರು ಫೋನ್ ಎತ್ತುವುದಿಲ್ಲ, ಎತ್ತಿ ನಂಬರು ಹೇಳುವಷ್ಟರಲ್ಲಿ ಒಟಿಪಿಯ ಗಡುವು ಮುಗಿದಿರುತ್ತದೆ. ಆಕೆ ಸೈಬರ್ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಅರ್ಜಿ ಹಾಕಿಸುತ್ತಾಳೆ. ತಂತ್ರಾಂಶವನ್ನು ರೂಪಿಸುವವರು ಇಂಥ ಒಂದು ಮಧ್ಯಾಹ್ನ ಅವಳ ಪಕ್ಕ ಕೂರಬೇಕು. ಸೂಚನೆಗಳು ಕನ್ನಡದಲ್ಲಿರಬೇಕು, ಸಣ್ಣ ಪರದೆಯಲ್ಲಿ ಓದುವಂತಿರಬೇಕು, ನೆಟ್‌ವರ್ಕ್ ಹೋಗಿ ಬಂದರೂ ತುಂಬಿದ್ದು ಉಳಿದಿರಬೇಕು. 2020ರಲ್ಲಿ ಆನ್‌ಲೈನ್ ತರಗತಿಗಾಗಿ ನಮ್ಮ ಘಟ್ಟದ ಬುಡದ ಮಕ್ಕಳು ಗುಡ್ಡ ಹತ್ತಿ ಕೂತಿದ್ದನ್ನು ನಾವು ಮರೆಯಲಾಗದು.

ಪಾಠದ ವಿಷಯಕ್ಕೂ ಇದೇ ಮಾತು. ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯಲ್ಲಿ ಒಳ್ಳೆಯ ಪಾಠಗಳಿವೆ, ಅಲ್ಲಿ ಕಲಿತದ್ದಕ್ಕೆ ಶೇಕಡಾ 40ರವರೆಗೆ ಕ್ರೆಡಿಟ್ ಕೊಡಲು 2021ರಿಂದ ಅವಕಾಶವಿದೆ. ವಿಡಿಯೋ ಪಾಠ ಹೇಳಲಿ. ಉಳಿದ ಗಂಟೆಯಲ್ಲಿ ಅಧ್ಯಾಪಕರು ಉತ್ತರ ಪತ್ರಿಕೆ ತಿದ್ದಲಿ. ಆ ಉಳಿದ ಗಂಟೆಯನ್ನು ನ್ಯಾಕ್ ಮಾನ್ಯತೆಯ ವರದಿ, ಮತ್ತೊಂದು ಎಕ್ಸೆಲ್ ಪಟ್ಟಿ, ಬದಲಾದ ಪಠ್ಯಕ್ರಮದ ನಕಲು ನುಂಗುವುದಾದರೆ ವಿಡಿಯೋದಿಂದ ಏನೂ ಬರಲಿಲ್ಲ. ಪಠ್ಯಕ್ರಮವಂತೂ 2021ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ತಲೆಕೆಳಗಾಯಿತು.

ಕೊನೆಗೊಂದು ಮಾತು, ವೇದಿಕೆಯ ಮೇಲಿರುವ ಅಧಿಕಾರಿಗಳಿಗೆ. ನಾನು ಕೇಳುತ್ತಿರುವ ಈ ಎಲ್ಲ ಕೆಲಸವನ್ನು ಮಾಡಬೇಕಾದವರು ಸರ್ಕಾರಿ ಕಾಲೇಜುಗಳಲ್ಲಿ ಬಹುಪಾಲು ಅತಿಥಿ ಉಪನ್ಯಾಸಕರು. ಅವರ ನೇಮಕ ಒಂದು ಶೈಕ್ಷಣಿಕ ವರ್ಷಕ್ಕೆ ಮಾತ್ರ; ಮುಂದಿನ ವರ್ಷ ಅದೇ ಕಾಲೇಜೋ ಬೇರೆಯೋ ಅವರಿಗೇ ಗೊತ್ತಿರುವುದಿಲ್ಲ. ಪತ್ರಿಕೆಯನ್ನು ಕೂಡಲೇ ತಿದ್ದಿಕೊಡಿ, ಕಾರ್ಖಾನೆಗೆ ಹೋಗಿ ಬನ್ನಿ ಎಂದು ಯಾವ ಬಾಯಿಂದ ಅವರಿಗೆ ಹೇಳುವುದು? ಅವರಿಗೆ ಕನಿಷ್ಠ ಮೂರು ವರ್ಷದ ಒಪ್ಪಂದ ಕೊಡಿ, ಒಂದು ತಂಡದ ಮಕ್ಕಳನ್ನು ಮೊದಲ ಸೆಮಿಸ್ಟರಿನಿಂದ ಆರನೆಯದರವರೆಗೆ ಒಬ್ಬರೇ ನೋಡುವಷ್ಟು ಕಾಲ. ತಿದ್ದುವ ಗಂಟೆಗಳನ್ನೂ ಕೆಲಸದ ಗಂಟೆಗಳೆಂದು ಎಣಿಸಿ ಸಂಭಾವನೆ ಕೊಡಿ. ಬರುವ ವರ್ಷದ ಆಯವ್ಯಯದಲ್ಲಿ ಹೊಸ ಕಟ್ಟಡಕ್ಕಿಂತ ಮೊದಲು ಈ ಬಾಬ್ತಿಗೆ ಹಣ ಇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.