ಅವರ ಮಾತನ್ನು ಅವರೇ ಆಡಲಿ
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗನಿದ್ದ. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಳ್ಳುವನು. ಹೆಸರು ಹಿಡಿದು ಕೂಗಿದರೂ ತಿರುಗಿ ನೋಡನು. ಮೊಂಡನೆಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆವು. ಅವನಿಗೆ ಆಟಿಸಂ ಇದೆಯೆಂಬುದು ನಮಗೆ ತಿಳಿದದ್ದು ಕೆಲಸ ಬಿಟ್ಟ ಮೇಲೆ. ಆ ತಪ್ಪು ನಮ್ಮದು.

ಆಟಿಸಂ ಹುಚ್ಚಲ್ಲ, ಪೂರ್ವಜನ್ಮದ ಪಾಪವೂ ಅಲ್ಲ. ಮಿದುಳು ಹುಟ್ಟಿನಿಂದಲೇ ಬೇರೆ ರೀತಿಯಲ್ಲಿ ಬೆಳೆದಿರುತ್ತದೆ. ಶಬ್ದ, ಬೆಳಕು, ಸ್ಪರ್ಶ ಅಂಥವರಿಗೆ ಬೇರೆಯಾಗಿ ತಾಗುತ್ತವೆ. ಕೆಲವರಿಗೆ ಬಾಯಿಮಾತು ಬರುವುದಿಲ್ಲ. ಕೆಲವರಿಗೆ ಜೀವಮಾನವೆಲ್ಲ ನೆರವು ಬೇಕು. ಅಮೆರಿಕದಲ್ಲಿ ವೈದ್ಯರಾಗಿದ್ದ ಲಿಯೋ ಕ್ಯಾನರ್ 1943ರಲ್ಲಿ ಇದನ್ನು ವಿವರಿಸಿ ಬರೆದರು. ಮುಂದೆ ಬಹುಕಾಲ ಪಂಡಿತರು ತಾಯಿಗೆ ಮಮತೆಯಿಲ್ಲದ್ದೇ ಇದಕ್ಕೆ ಕಾರಣವೆಂದರು. ಅದು ಸುಳ್ಳೆಂದು ಸಿದ್ಧವಾಯಿತು. ಆ ತಾಯಂದಿರ ಕಣ್ಣೀರನ್ನು ಹಿಂದಿರುಗಿಸುವವರು ಯಾರು?

ಕೂಲಿಯ ವಿಚಾರವನ್ನು ಕೂಲಿಕಾರನನ್ನು ಹೊರಗಿಟ್ಟು ತೀರ್ಮಾನಿಸಿದರೆ ನಾವು ಒಪ್ಪುವೆವೇ? ಆಟಿಸಂ ಇರುವವರೂ ಒಪ್ಪಲಿಲ್ಲ. ಅವರಲ್ಲೊಬ್ಬರಾದ ಜಿಮ್ ಸಿಂಕ್ಲೇರ್ 1993ರಲ್ಲಿ ಕೆನಡಾದ ಟೊರಾಂಟೋ ಸಮ್ಮೇಳನದಲ್ಲಿ ತಂದೆತಾಯಿಗಳನ್ನು ಉದ್ದೇಶಿಸಿ, ಬದುಕಿರುವ ಮಕ್ಕಳಿಗಾಗಿ ಗೋಳಾಡುವುದನ್ನು ಬಿಟ್ಟು ಅವರನ್ನು ಇದ್ದಂತೆಯೇ ಒಪ್ಪಿಕೊಳ್ಳಬೇಕೆಂದು ವಾದಿಸಿದರು. 2006ರಲ್ಲಿ ಆಟಿಸಂ ಇರುವವರೇ ನಡೆಸುವ ಸಂಘವೊಂದು ಅಮೆರಿಕದಲ್ಲಿ ಹುಟ್ಟಿತು. ಮರುವರ್ಷ ಡಿಸೆಂಬರಿನಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಕ್ಕಳ ಕೇಂದ್ರವು, ಆಟಿಸಂ ಎಂಬುದು ಮಗುವನ್ನು ಕದ್ದೊಯ್ದ ಕಳ್ಳನೆಂಬಂತೆ ಬೆದರಿಕೆ ಪತ್ರದ ರೂಪದ ಜಾಹೀರಾತು ಹಾಕಿತು. ಈ ಸಂಘ ಪ್ರತಿಭಟಿಸಿತು. ಇತರ ಅಂಗವಿಕಲರ ಸಂಘಗಳು ಕೈಗೂಡಿಸಿದವು. ಅದೇ ತಿಂಗಳು ಜಾಹೀರಾತು ಕೆಳಗಿಳಿಯಿತು. ಒಗ್ಗಟ್ಟಿನ ಬಲವನ್ನು ನಿಮಗೆ ವಿವರಿಸಬೇಕೆ?

ನಮ್ಮ ದೇಶದಲ್ಲಿ 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯಿದೆ ಅದನ್ನು ಸೇರಿಸಿ ಒಟ್ಟು 21 ಬಗೆಗಳನ್ನು ಹೆಸರಿಸಿತು. ಸರ್ಕಾರಿ ನೌಕರಿಯಲ್ಲಿ ಅಂಗವಿಕಲರಿಗೆ ಶೇಕಡಾ 4 ಮೀಸಲು. ಅದರಲ್ಲಿ ಆಟಿಸಂ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ ಮೊದಲಾದವಕ್ಕೆಲ್ಲ ಸೇರಿ 1. ಈ ಹಕ್ಕು ಕಾಗದದಿಂದ ಕೈಗೆ ಬರಲು ಕೇಳುವವರು ಬೇಕು.

ಅಂಗಡಿಯ ಬಂಧುಗಳೇ, ಮುಖ ನೋಡದೆ ಬೆರಳು ತೋರಿಸಿ ಸಾಮಾನು ಕೇಳುವ ಗಿರಾಕಿ ಬಂದರೆ ಗದರಬೇಡಿ, ಎರಡು ನಿಮಿಷ ಕಾಯಿರಿ. ಗಿರಣಿಯ ಬಂಧುಗಳೇ, ಅಂಥ ಜೊತೆಗಾರನಿದ್ದರೆ ಅವನಿಗೆ ಏನು ಬೇಕೆಂದು ಅವನನ್ನೇ ಕೇಳಿ. ಸದ್ದು ಕಡಿಮೆಯಿರುವ ಜಾಗ, ಬರೆದುಕೊಟ್ಟ ಸೂಚನೆ, ಇಷ್ಟೇ ಸಾಕಾಗಬಹುದು. ಬಾಯಿಮಾತು ಬಾರದವನು ಬರೆದು ಹೇಳಲಿ, ಚಿತ್ರ ತೋರಿಸಿ ಹೇಳಲಿ, ಅದೂ ಮಾತೇ.

ಆ ಹುಡುಗನನ್ನು ನಾವು ಒಂದು ದಿನವೂ ಏನೆಂದು ಕೇಳಲಿಲ್ಲ. ನೀವು ಕೇಳಿರೆಂದು ಬೇಡಿ ನಮ್ಮ ಮಾತನ್ನು ಮುಗಿಸುತ್ತೇವೆ.